ಪಗಡೆ ಚೀಲ ಹೆಣೆದ ಮಾವ

ಗಂಡಸೊಬ್ಬ ಕೂತು ಉಲ್ಲನ್ ಹೆಣೆಯುವುದನ್ನು ನಾನು ಮೊದಲು ನೋಡಿದ್ದು ಮದುವೆಯಾಗಿ ಗುಂಡ್ಲುಪೇಟೆಗೆ ಬಂದಿಳಿದ ದಿನ. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಬಂದ ಬಸ್ಸು ನಮ್ಮನ್ನು ಧೂಳಿನಲ್ಲಿ ಇಳಿಸಿ ಊಟಿ ಕಡೆ ಹೋಯಿತು. ತಲೆ ತಗ್ಗಿಸಿಕೊಂಡು ಗಂಡನ ಮನೆ ಬೀದಿಗೆ ತಿರುಗಿದರೆ, ಎದುರುಮನೆ ಜಗಲಿ ಮೇಲೆ ಆರಡಿ ಆಳು. ತಲೆಗೆ ಬಿಳಿ ರುಮಾಲು, ಹಣೆ ತುಂಬ ವಿಭೂತಿ, ನಿಂಬೆಹಣ್ಣು ಕೂರಿಸಬಹುದಾದಂಥ ಮೀಸೆ. ಆ ಮೀಸೆಯ ಕೆಳಗೆ, ಎರಡು ಕಡ್ಡಿಗಳ ನಡುವೆ, ನನ್ನ ಹೆಬ್ಬೆರಳಿನಷ್ಟು ಉದ್ದದ ಒಂದು ಕೆಂಪು ಕಾಲುಚೀಲ. ನಗು ತಡೆಯಲಾಗಲಿಲ್ಲ. ನಾನು ಹೊಸ ಸೊಸೆ ಅನ್ನೋದು ನೆನಪಾಗುವಷ್ಟರಲ್ಲಿ ಬೀದಿಗೆಲ್ಲ ಕೇಳುವ ಹಾಗೆ ನಕ್ಕಾಗಿತ್ತು.

ನಮ್ಮ ಯಜಮಾನರು ಕಣ್ಣು ಬಿಟ್ಟರು. ಆ ಮೀಸೆಯವರು ಮಾತ್ರ ಕಡ್ಡಿ ನಿಲ್ಲಿಸದೆ, "ನಗವ್ವ, ನಗು. ವರ್ಸಕ್ಕೆ ಇದು ನಿನ್ ಮಗೀಗೇ ಬತ್ತದೆ" ಅಂದರು. ಜಗಲಿ ಜಗಲಿಯ ಮೇಲಿದ್ದವರೆಲ್ಲ ಘೊಳ್ಳೆಂದರು. ನನ್ನ ಮುಖ ಆ ಕಾಲುಚೀಲಕ್ಕಿಂತ ಕೆಂಪಾಯಿತು. ವರ್ಷಕ್ಕೆ ಸರಿಯಾಗಿ ಅದು ನನ್ನ ಮಗಳ ಕಾಲಿಗೇ ಬಂತು ಅನ್ನುವುದು ಬೇರೆ ಮಾತು.

ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಗೊತ್ತಿದ್ದವರು ಈಗ ಯಾರೂ ಉಳಿದಿಲ್ಲ. ಬೀದಿಗೆಲ್ಲ ಅವರು ಮಾವ, ನನಗೂ ಮಾವ. ಹೋದ ವಾರ ಹಳೇ ಟ್ರಂಕನ್ನು ಬಿಸಿಲಿಗೆ ತೆರೆದಿಟ್ಟಾಗ ಅವರು ಹೆಣೆದ ಪಗಡೆ ಚೀಲ ಕೈಗೆ ಬಂತು. ಒಂದು ಕಡೆ ಹುಳ ಹೊಡೆದಿದೆ, ಉಳಿದದ್ದೆಲ್ಲ ಗಟ್ಟಿಯಾಗಿದೆ. ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ ನೋಡಿ, ಆ ದಿನ ಅಡುಗೆ ಆದದ್ದು ಮಧ್ಯಾಹ್ನ ಎರಡಕ್ಕೆ.

ಮಾವ ಜರ್ಮನ್ ಯುದ್ಧಕ್ಕೆ ಹೋಗಿ ಬಂದವರು. ಎಲ್ಲಿ, ಏನು ಅಂತ ಕೇಳಿದರೆ, "ಆ ಊರ್ ಹೆಸ್ರೆಲ್ಲ ನನ್ ಬಾಯ್ಗೆ ಬರದಿಲ್ಲ ಕಣವ್ವ, ಬುಡು" ಅಂತಿದ್ದರು. ಇಷ್ಟು ಮಾತ್ರ ಗೊತ್ತು. ಯಾವುದೋ ಆಸ್ಪತ್ರೆಯಲ್ಲಿ ಅವರು ಆರು ತಿಂಗಳು ಮಲಗಿದ್ದರು. ಗಾಯ ಮಾಯಿತು, ಕೈ ನಡುಕ ನಿಲ್ಲಲಿಲ್ಲ. ಅಲ್ಲಿನ ನರ್ಸಮ್ಮ ಒಬ್ಬಳು ಕೈಗೆ ಎರಡು ಕಡ್ಡಿ ಕೊಟ್ಟು, ಹೆಣೆಯೋದು ಕಲಿಸಿದಳು. ಕಡ್ಡಿ ಹಿಡಿದರೆ ಕೈ ನಿಲ್ಲುತ್ತಿತ್ತು. ಇಟ್ಟರೆ ಮತ್ತೆ ಶುರು. ನಾನೇ ಕಣ್ಣಾರೆ ನೋಡಿದ್ದೇನೆ, ಕಾಫಿ ಲೋಟ ಕೊಟ್ಟರೆ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಕಾಫಿ ಪಂಚೆ ಮೇಲೆ. ಅದೇ ಕೈ, ಹಾಲು ಮಗುವಿನ ಟೋಪಿಗೆ ಕುಣಿಕೆ ಎತ್ತುವಾಗ ಎಳ್ಳಷ್ಟೂ ಅಲುಗುತ್ತಿರಲಿಲ್ಲ.

ಕಡ್ಡಿಗಳು ಅಂಗಡಿಯವಲ್ಲ. ಸೈಕಲ್ ಚಕ್ರದ ಕಡ್ಡಿ. ಸೈಕಲ್ ಶಾಪಿನಲ್ಲಿ ಮುರಿದವನ್ನು ತಂದು, ಜಗಲಿ ಕಲ್ಲಿಗೆ ಉಜ್ಜಿ ಉಜ್ಜಿ ತುದಿ ಮೊಂಡು ಮಾಡಿಕೊಳ್ಳುತ್ತಿದ್ದರು. ಕೆಲಸ ಇಲ್ಲದಾಗ ಅವು ರುಮಾಲಿನಲ್ಲಿ ಸಿಕ್ಕಿಕೊಂಡಿರುತ್ತಿದ್ದವು. ಉಲ್ಲನ್ ಊಟಿ ಬಸ್ಸಿನ ಡ್ರೈವರ್ ತಂದುಕೊಡುತ್ತಿದ್ದ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಇಳಿದು ಬರುವ ದಿನಗಳಲ್ಲಿ ನಮ್ಮ ಬೀದಿಯಲ್ಲಿ ನಿಂತು ನೋಡಬೇಕಿತ್ತು. ಮುದುಕರ ತಲೆ ಮೇಲೆ, ಮಕ್ಕಳ ತಲೆ ಮೇಲೆ, ಎಲ್ಲ ಮಾವನ ಟೋಪಿಗಳೇ. ಮಾವ ಮಾತ್ರ ಮಿಲ್ಟ್ರಿಯಲ್ಲಿ ಕೊಟ್ಟ ಖಾಕಿ ಸ್ವೆಟರ್ ಬಿಟ್ಟು ಬೇರೆ ಹಾಕಿದವರಲ್ಲ. ಯುಗಾದಿ ಬಿಸಿಲಲ್ಲೂ ಅದು ಮೈ ಮೇಲಿರಬೇಕು. "ಇದು ನನ್ ಜೊತೇಲಿ ಓಗಿ ನನ್ ಜೊತೇಲೇ ಬಂದದ್ದು" ಅಂತಿದ್ದರು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಜೊತೆ ಅಂದರೆ ಅದೊಂದೇ.

ನಾನೂ ಸುಮ್ಮನೆ ಇರುವವಳಲ್ಲ. ಚಾಮರಾಜನಗರದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಮಗೆ ನಿಟ್ಟಿಂಗ್ ಕಲಿಸಿದ್ದರು, ನನ್ನ ಮಫ್ಲರಿಗೆ ಬಹುಮಾನವೂ ಬಂದಿತ್ತು. ಆ ಜಂಬ ಇತ್ತಲ್ಲ, ಒಂದು ದಿನ ನಾನು ಹೆಣೆದ ಟೋಪಿ ತಗೊಂಡು ಎದುರು ಜಗಲಿಗೆ ಹೋದೆ. ಮಾವ ಕಣ್ಣಿನಲ್ಲಿ ನೋಡಲೇ ಇಲ್ಲ. ಹೆಬ್ಬೆರಳು ಆಡಿಸಿದರು. ಆಡಿಸುತ್ತಾ ಆಡಿಸುತ್ತಾ ಒಂದು ಕಡೆ ನಿಲ್ಲಿಸಿದರು.

"ಇಲ್ಲಿ ಒಂದ್ ಕುಣ್ಕೆ ಬುಟ್ಟೋಗದೆ."

"ಯಾರಿಗೂ ಕಾಣಲ್ಲ ಮಾವ. ಮೇಲೆ ಒಂದು ಹೊಲಿಗೆ ಹಾಕ್ತೀನಿ."

"ಮುಚ್ಚಾಕ್‌ಬ್ಯಾಡ ಕಣವ್ವ. ತಪ್ಪುದ್ ಸಾಲ್‌ಗಂಟ ಬಿಚ್ಚು."

"ಮೂವತ್ತು ಸಾಲು ಬಿಚ್ಚೋದಾ? ನನ್ನ ಕೈಲಾಗಲ್ಲ."

"ಬಿಚ್ಚದ್ಕೆ ಕಷ್ಟ ಇಲ್ಲ, ಎಳುದ್ರೆ ಬತ್ತದೆ. ಮನಸ್ಸು ಬರದಿಲ್ಲ, ಅಷ್ಟೆಯ."

ನನಗೆ ಕೋಪ ನೆತ್ತಿಗೇರಿತು. ಟೋಪಿ ಕಿತ್ತುಕೊಂಡು ಬಂದೆ. ಮೂರು ದಿನ ಆ ಜಗಲಿ ಕಡೆ ಮುಖ ಹಾಕಲಿಲ್ಲ. ನಾಲ್ಕನೇ ದಿನ ಬಿಚ್ಚಿದೆ. ಹಾಳಾದ್ದು, ಆ ಮನುಷ್ಯ ಹೇಳಿದ ಮೇಲೆ ನನ್ನ ಹೆಬ್ಬೆರಳೂ ಆ ಜಾಗಕ್ಕೇ ಹೋಗಿ ಹೋಗಿ ನಿಲ್ಲುತ್ತಿತ್ತು, ಏನು ಮಾಡಲಿ? ಆಮೇಲೆ ಅವರ ಹತ್ತಿರ ದಿನಾ ಹೋಗುವುದು ರೂಢಿಯಾಯಿತು.

ಇನ್ನು ನಮ್ಮ ಮನೆ. ನಮ್ಮ ಯಜಮಾನರು, ಅವರ ಅಣ್ಣ ಅಂದರೆ ನನ್ನ ಭಾವ, ಭಾವನ ಹೆಂಡತಿ ಅಕ್ಕ, ನಾನು, ಆಮೇಲೆ ನನ್ನ ಮಗಳು. ನಮ್ಮ ಮಾವನವರು, ಅಂದರೆ ಯಜಮಾನರ ಅಪ್ಪ, ನಾನು ಬರುವ ಮುಂಚೆಯೇ ಶಿವೈಕ್ಯರಾಗಿದ್ದರು. ಅವರು ಬಿಟ್ಟುಹೋದದ್ದರಲ್ಲಿ ಇಬ್ಬರು ಮಕ್ಕಳಿಗೂ ಪ್ರಾಣವಾದದ್ದು ಹಂಗಳದ ದಾರಿಯ ಹೊಲವಲ್ಲ, ಈ ಮನೆಯೂ ಅಲ್ಲ. ಒಂದು ಪಗಡೆ. ನಾಲ್ಕು ತೋಳಿನ ಕಸೂತಿ ಹಾಸು, ನಾಲ್ಕು ಬಣ್ಣದ ಹದಿನಾರು ಕಾಯಿ, ದಂತದ ಎರಡು ಉದ್ದ ದಾಳ. ಮಧ್ಯಾಹ್ನ ಹಿಟ್ಟುಂಡು ಕೈ ತೊಳೆದರೆ ಅಣ್ಣತಮ್ಮ ಜಗಲಿ ಮೇಲೆ ಹಾಸು ಹಾಸಿದರು ಅಂತಲೇ. ಭಾವನದು ಕೆಂಪು, ಕಪ್ಪು. ನಮ್ಮವರದು ಹಸಿರು, ಹಳದಿ. ದಿನಾ ಇದೇ, ಒಂದು ದಿನವೂ ಬಣ್ಣ ಬದಲಾದದ್ದಿಲ್ಲ. "ಬೀಳ್ಲಾ ಹನ್ನೆರಡು!" ಅಂತ ಭಾವ ದಾಳಕ್ಕೆ ಕೂಗಿದರೆ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ನಮ್ಮವರ ಕಾಯಿ ಸುತ್ತು ಮುಗಿಸಿ ಹಣ್ಣಾಗುವ ಹೊತ್ತಿಗೆ ಭಾವ ಹೊಡೆದರೆ, ಸಂಜೆವರೆಗೂ ಇವರ ಮುಖ ಬಿರುಸು. ಮಾರನೆ ದಿನ ಮತ್ತೆ ಹಾಸು. ಮಾವ ಎದುರು ಜಗಲಿಯಲ್ಲಿ ಹೆಣೆಯುತ್ತಾ ಕೂತು, ಇಬ್ಬರಿಗೂ ಬುದ್ಧಿ ಹೇಳದೆ, ಇಬ್ಬರ ಆಟವನ್ನೂ ನೋಡುತ್ತಿದ್ದರು.

ಈ ಮನೆಯನ್ನು ಒಡೆದದ್ದು ಯಾರು? ನಾನೇ. ಈಗ ಹೇಳಲು ನಾಚಿಕೆ ಇಲ್ಲ, ಅಂದರೆ ಇದೆ, ಆದರೂ ಹೇಳುತ್ತೇನೆ. ಉಪ್ಸಾರಿನ ಖಾರಕ್ಕೆ ನಮ್ಮ ತವರಲ್ಲಿ ಚೂರು ಹುಣಸೆ ಹಾಕುತ್ತಿದ್ದರು. ಅಕ್ಕ ಹಾಕಬಾರದು ಅಂದಳು. ನಾನು ಹಾಕಿದೆ. ಅವಳು, "ಚಾಮ್ರಾಜ್‌ನಗರ್‌ದೋರ್ಗೆ ಉಪ್ಸಾರೇ ಗೊತ್ತಿಲ್ಲ" ಅಂದಳು. ಬರೀ ನನ್ನನ್ನು ಅಂದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ, ಇಡೀ ಊರನ್ನೇ ಅಂದುಬಿಟ್ಟಳು. ಒಂದಕ್ಕೆ ಎರಡು ಸೇರಿ, ಎರಡಕ್ಕೆ ನಾಲ್ಕು ಸೇರಿ, ಒಂದು ದಿನ ನಾನು ಯಜಮಾನರಿಗೆ, "ಒಲೆ ಬೇರೆ ಮಾಡಿಸಿ, ಇಲ್ಲ ನನ್ನನ್ನು ಬಸ್ಸು ಹತ್ತಿಸಿ" ಅಂದೆ. ಒಲೆ ಬೇರೆ ಅಂದರೆ ಒಲೆ ಮಾತ್ರ ಅಂತ ನಾನು ತಿಳಿದದ್ದು. ಗಂಡಸರ ಬಾಯಿಗೆ ಬಂದಾಗ ಅದು ಪಾಲು ಅಂತಾಯಿತು.

ಪಾಲಿನ ಪಂಚಾಯ್ತಿಗೆ ಮಾವ ಬರಲೇಬೇಕು. ಹರವೆಯಿಂದ, ಹಂಗಳದಿಂದ ಕೂಡ ಅವರನ್ನು ಕರೆಯುತ್ತಿದ್ದರು. ಯಾಕೆಂದರೆ ಅವರು ಪಾಲು ಮಾಡಿದರೆ ನೂಲಿನಷ್ಟೂ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಅವತ್ತು ಬೆಳಗಿನಿಂದ ಕೂತು ಹೊಲ ಅಳೆದರು, ಹಜಾರದ ನಡುವೆ ಗೋಡೆಗೆ ಗೆರೆ ಎಳೆದರು, ಎತ್ತು, ನೊಗ, ಹಂಡೆ, ಕೊಳಗ ಎಲ್ಲ ಎರಡು ಸಾಲು ಮಾಡಿದರು. ಕೊನೆಗೆ ಉಳಿದದ್ದು ಪಗಡೆ.

ನಮ್ಮವರು, "ಅಣ್ಣನೇ ಮಡಿಕೊಳ್ಲಿ" ಅಂದರು. ಅಂದ ರೀತಿ ಹೇಗಿತ್ತು ಅಂದರೆ ಭಿಕ್ಷೆ ಹಾಕಿದ ಹಾಗೆ. ಭಾವ, "ನಂಗ್ ಬ್ಯಾಡ. ಅವ್ನೇ ತಕೊಂಡು ಓಗ್ಲಿ" ಅಂದರು. "ನೀನೇ ಇಟ್ಕೊ", "ನೀನೇ ಇಟ್ಕೊ" ಅನ್ನುತ್ತಾ ಇಬ್ಬರೂ ಎದ್ದು ನಿಂತರು. ಹೊಲಕ್ಕೆ ಆಗದ ಜಗಳ, ಮನೆಗೆ ಆಗದ ಜಗಳ, ಕೊಡುತ್ತೇನೆ ಅನ್ನುವುದಕ್ಕೆ ಆಯಿತು. ಕೈ ಕೈ ಸೇರುವ ಹಾಗಾದಾಗ ಮಾವ, "ಸುಮ್ಕಿರಿ ಇಬ್ರೂವೆ" ಅಂತ ಗದರಿದರು. ಕೆಂಪು, ಕಪ್ಪು ಕಾಯಿಗಳನ್ನು ಈ ಕಡೆ ಸರಿಸಿದರು. ಹಸಿರು, ಹಳದಿಯನ್ನು ಆ ಕಡೆ. ಒಂದು ದಾಳ ಇಲ್ಲಿ, ಒಂದು ದಾಳ ಅಲ್ಲಿ. ಆಮೇಲೆ ಜೇಬಿನಿಂದ ಉಲ್ಲನ್ ಕತ್ತರಿಸುವ ಕತ್ತರಿ ತೆಗೆದರು. ಹಾಸನ್ನು ನಡು ಚೌಕದ ಮೂಲೆಯಿಂದ ಮೂಲೆಗೆ ಸರಿಯಾಗಿ ಮಡಿಸಿ, ಮಡಿಕೆಯ ಮೇಲೆ ಕತ್ತರಿ ಆಡಿಸಿದರು.

ಕರ್ ಅಂತ ಸದ್ದು ಬಂದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಎರಡೆರಡು ತೋಳಿನ ಎರಡು ತುಂಡು. ಸರಿಸಮ ಇತ್ತು, ತಪ್ಪು ಹೇಳುವ ಹಾಗಿರಲಿಲ್ಲ. ಜಗಳ ಅಲ್ಲಿಗೆ ನಿಂತಿತು. ಭಾವ ತಮ್ಮ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಅದರ ಕತ್ತರಿಸಿದ ಅಂಚನ್ನೇ ನೋಡುತ್ತಿದ್ದರು. ಮಾವನ ಮುಖ ನೋಡಿದೆ. ತಾವು ಏನು ಮಾಡಿದೆವು ಅನ್ನುವುದು ಅವರಿಗೆ ಆಗ ಗೊತ್ತಾದ ಹಾಗಿತ್ತು. ಕತ್ತರಿ ಜೇಬಿಗೆ ಹಾಕಲು ಹೋದರು, ಕೈ ನಡುಗಿ ಕೆಳಕ್ಕೆ ಬಿತ್ತು.

ಗೋಡೆ ಎದ್ದಿತು. ಅಣ್ಣತಮ್ಮ ಮಾತು ಬಿಟ್ಟರು. ಮಧ್ಯಾಹ್ನ ಹಿಟ್ಟುಂಡ ಮೇಲೆ ನಮ್ಮವರಿಗೆ ಮಾಡಲು ಏನೂ ಇಲ್ಲ. ಗೋಡೆಗೆ ಒರಗಿ ಕೂತು ಒಂದು ದಾಳವನ್ನು ನೆಲದ ಮೇಲೆ ಉರುಳಿಸುತ್ತಿದ್ದರು. ಒಂದು ದಾಳದಲ್ಲಿ ಹನ್ನೆರಡು ಬೀಳುತ್ತದೆಯೇ? ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದಲೂ ಅದೇ ಸದ್ದು. ಇವರು ಉರುಳಿಸಿದರೆ ಅವರು ಉರುಳಿಸುವುದು. ಅವರು ನಿಲ್ಲಿಸಿದರೆ ಇವರೂ ನಿಲ್ಲಿಸುವುದು. ಗೋಡೆ ಮಾಡಿಸಿಕೊಂಡವಳು ನಾನು, ಆ ಸದ್ದು ಕೇಳಿಕೊಂಡು ಒಬ್ಬಳೇ ನನ್ನ ಒಲೆ ಮುಂದೆ ಕೂತು ಹುಣಸೆ ಹಾಕಿದ ಉಪ್ಸಾರು ಉಣ್ಣುತ್ತಿದ್ದೆ.

ಮಾವ ಜಗಲಿಗೆ ಬರುವುದು ಬಿಟ್ಟರು. ಪಾಲು ಮಾಡಲು ಕರೆದವರಿಗೆ, "ಈ ಕೈಗೆ ಆಗದಿಲ್ಲ" ಅಂತ ಹೇಳಿ ಕಳಿಸುತ್ತಿದ್ದರು. ತಿಂಗಳುಗಟ್ಟಲೆ ಹೀಗೇ ಹೋಯಿತು. ಮಂಜಿನ ದಿನಗಳು ಬಂದವು. ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದವಳು ನೋಡುತ್ತೇನೆ, ಮಾವ ಜಗಲಿ ಮೇಲೆ ಬರೀ ಅಂಗಿಯಲ್ಲಿ ಕೂತಿದ್ದಾರೆ. ಮುಂದೆ ಖಾಕಿ ಉಲ್ಲನ್ನಿನ ರಾಶಿ. ಮಿಲ್ಟ್ರಿ ಸ್ವೆಟರ್ ಬಿಚ್ಚಿದ್ದರು. ಹಳೇ ಉಲ್ಲನ್ ಸುಕ್ಕುಸುಕ್ಕಾಗಿ ಗುಂಗುರು ಕೂದಲ ಹಾಗಿರುತ್ತದೆ. ಅದನ್ನು ಬಿಸಿನೀರಲ್ಲಿ ನೆನೆಸಿ, ಲಡಿ ಮಾಡಿ, ಕೆಳಗೆ ಕಲ್ಲು ಕಟ್ಟಿ ತೂಗಿಬಿಟ್ಟಿದ್ದರು, ನೆಟ್ಟಗಾಗಲಿ ಅಂತ.

"ಅಯ್ಯೋ ಮಾವ! ಇದೇನು ಮಾಡ್ಕೊಂಡ್ರಿ? ಇಷ್ಟು ಚಳಿ ಇದೆ!"

"ನಾ ಒಂದ್ ಸಾಲು ತಪ್‌ಬುಟ್ಟೆ ಕಣವ್ವ. ಬಟ್ಟೆ ಕತ್ತರ್ಸುದ್ರೆ ಮತ್ತೆ ಕೂಡದಿಲ್ಲ. ಹೊಲ್ದೆ ಅಂತ ಇಟ್ಕೊ, ಹೊಲ್ಗೆ ಕಾಣ್ತದೆ. ಹೆಣುದ್ರೆ ಒಂದೇ ದಾರ. ಎಲ್ಲಿ ಮುಟ್ಟುದ್ರೂ ಒಂದೇಯ."

ಅವರ ಮನಸ್ಸಿನಲ್ಲಿದ್ದದ್ದನ್ನು ನೆಲದ ಮೇಲೆ ಇದ್ದಲಿನಲ್ಲಿ ಬರೆದು ತೋರಿಸಿದರು. ಒಂದು ಚೀಲ. ಬಾಯಿಗೆ ಸುತ್ತ ದಾರ. ದಾರ ಎಳೆದರೆ ಮುದುಡಿಕೊಂಡು ಚೀಲ, ಸಡಿಲಿಸಿ ನೆಲಕ್ಕೆ ಹರಡಿದರೆ ದುಂಡಗೆ ತಟ್ಟೆಯ ಹಾಗೆ ಬಿಚ್ಚಿಕೊಂಡು ಪಗಡೆ ಹಾಸು. ಖಾಕಿಯ ಮೇಲೆ ನಾಲ್ಕು ತೋಳು, ಟೋಪಿಗಳಿಂದ ಉಳಿದ ಉಲ್ಲನ್ನಿನಲ್ಲಿ ಮನೆ ಮನೆಗೂ ಬಣ್ಣ ಬೇರೆ. ತೋಳು ತೋಳಿನ ಸಂದಿಯಲ್ಲಿ ಒಂದೊಂದು ಜೇಬು, ಒಂದೊಂದು ಬಣ್ಣದ ಕಾಯಿಗೆ. ನಡು ಚೌಕದ ಅಡಿಯಲ್ಲಿ ದಾಳಕ್ಕೆ ಒಂದು ಉದ್ದ ಜೇಬು. ನನ್ನ ಬಹುಮಾನದ ಜಂಬ ಅಲ್ಲೇ ಇಳಿಯಿತು. ಇಂಥದ್ದನ್ನು ಯಾವ ಸ್ಕೂಲಿನಲ್ಲಿ ಕಲಿಸುತ್ತಾರೆ?

ಐದು ಕಡ್ಡಿ ಹಿಡಿದು ನಡುವಿನಿಂದ ದುಂಡಗೆ ಶುರು ಮಾಡಿದರು. ಅಂಗೈ ಅಗಲ ಆದಾಗ ಬಿಚ್ಚಿದರು, ಮಧ್ಯ ಉಬ್ಬಿ ಟೋಪಿಯ ಹಾಗೆ ಎದ್ದಿತ್ತು. ಮತ್ತೆ ಎರಡಂಗೈ ಅಗಲ ಆದಾಗ ಬಿಚ್ಚಿದರು, ಒಂದು ತೋಳಿಗೆ ಒಂದು ಮನೆ ಜಾಸ್ತಿ. ಮೂರನೇ ಸಲ ಬಿಚ್ಚಿದ್ದು ಯಾಕೆ ಅಂತ ನನಗೆ ತಿಳಿಯಲೇ ಇಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಜೇಬಿನ ಕೆಲಸಕ್ಕೆ ನನ್ನನ್ನು ಕರೆದರು. "ಕೆಂಪು, ಕಪ್ಪು ಎರ್ಡು ಜೇಬು ನೀ ಹೆಣಿ" ಅಂದರು.

"ಅದು ಭಾವನವರ ಬಣ್ಣ. ನಮ್ಮದು ಹಸಿರು, ಹಳದಿ."

"ಗೊತ್ತು ಕಣವ್ವ. ನನ್ಗೇನು ಕಣ್ಣು ಓಗದಾ?"

ಎರಡೂ ಹೆಣೆದುಕೊಟ್ಟೆ. ಮಾರನೇ ವಾರ ಹೋದಾಗ ಹಸಿರು, ಹಳದಿ ಜೇಬುಗಳೂ ಕೂತಿದ್ದವು. ಹೆಬ್ಬೆರಳು ಆಡಿಸಿದೆ. ಮಾವನ ಕೈ ಅಲ್ಲ. ಸಡಿಲ ಸಡಿಲ, ಒಂದು ಕುಣಿಕೆ ದೊಡ್ಡದು, ಒಂದು ಚಿಕ್ಕದು. ಈಗ ತಾನೇ ಕಲಿತವರ ಕೈ.

"ಇದು ಯಾರು ಹೆಣೆದದ್ದು ಮಾವ?"

"ನಿನ್ ಕೈ ಬಾಳ ಬಿಗಿ, ಅವ್ಳ್ ಕೈ ಬಾಳ ಸಡ್ಲ. ನಂಗೆ ನಿಮ್ ಇಬ್ರುನ್ನೂ ಸುಧಾರ್ಸದ್ರಲ್ಲೇ ಎರ್ಡ್ ತಿಂಗ್ಳು ಓಯ್ತು" ಅಂದರು.

ಗೋಡೆಯಾಚೆಯ ಅಕ್ಕ ಹಿತ್ತಲ ಬಾಗಿಲಿಂದ ಬಂದು ಅವರ ಹತ್ತಿರ ಕಡ್ಡಿ ಹಿಡಿಯುವುದು ಕಲಿಯುತ್ತಿದ್ದಳು. ನಾನು ಮುಂಬಾಗಿಲಿಂದ ಹೋಗಿ ಬರುತ್ತಿದ್ದೆ. ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಆ ಮನುಷ್ಯ ಇಬ್ಬರ ಕೈಲೂ ಒಂದೇ ಚೀಲ ಮಾಡಿಸಿದ್ದ. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಆ ಹಸಿರು ಜೇಬಿನ ಸಡಿಲ ಕುಣಿಕೆಗಳನ್ನು ನೋಡಿ ಅಳು ಬಂತು. ನಲವತ್ತು ಹತ್ತಿರ ಬಂದ ಹೆಂಗಸು, ಕಡ್ಡಿ ಹಿಡಿದವಳೇ ಅಲ್ಲ, ನನ್ನ ಗಂಡನ ಕಾಯಿಗೆ ಜೇಬು ಹೆಣೆಯಲು ಕಲಿತಿದ್ದಳು.

ಯುಗಾದಿ ಮಧ್ಯಾಹ್ನ ನಮ್ಮ ಕಡೆ ಪಗಡೆ ಆಡುವುದು ವಾಡಿಕೆ. ಮಾವ ಇಬ್ಬರ ಮನೆಗೂ ಹೇಳಿ ಕಳಿಸಿದರು, ನಿಮ್ಮ ನಿಮ್ಮ ಕಾಯಿ, ದಾಳ ತಗೊಂಡು ನನ್ನ ಜಗಲಿಗೆ ಬನ್ನಿ ಅಂತ. ನಮ್ಮವರು ಒಬ್ಬಟ್ಟುಂಡು ಗೋಡೆ ಕಡೆ ತಿರುಗಿ ಮಲಗಿದರು. "ನಾ ಓಗಲ್ಲ. ಅಂವ ಬರದಿಲ್ಲ, ನಾ ಯಾಕೆ ಓಗ್ಲಿ?" ಅಂದರು. ಆಚೆಯಲ್ಲೂ ಅದೇ ನಡೆದಿರಬೇಕು. ನಾನು ಬಾಗಿಲ ಸಂದಿಯಿಂದ ನೋಡಿದೆ. ಎದುರು ಜಗಲಿಯಲ್ಲಿ ಮಾವ ಚೀಲ ಬಿಚ್ಚಿ ಹರಡಿಕೊಂಡು, ನಾಲ್ಕು ಖಾಲಿ ಜೇಬಿನ ಮುಂದೆ ಒಬ್ಬರೇ ನೆಟ್ಟಗೆ ಕೂತಿದ್ದರು. ಯಾರೂ ಬಾರದೆ ಹೋದರೆ ಈ ಮುದುಕ ಆ ಚೀಲವನ್ನೂ ಬಿಚ್ಚಿಹಾಕುತ್ತಾರೆ, ಇನ್ನು ಕಡ್ಡಿ ಮುಟ್ಟುವುದಿಲ್ಲ ಅಂತ ನನಗೆ ಅನ್ನಿಸಿತು.

"ಒಲೆ ಬೇರೆ ಮಾಡಿ ಅಂದದ್ದು ನಾನು. ನಿಮ್ಮಣ್ಣ ಅಲ್ಲ, ಆ ಮಾವ ಅಲ್ಲ. ನೀವು ಮಲಗಿರಿ" ಅಂತ ಹೇಳಿ, ಹಸಿರು ಹಳದಿ ಕಾಯಿ, ಒಂದು ದಾಳ ಸೆರಗಿಗೆ ಕಟ್ಟಿಕೊಂಡು ಹೊರಕ್ಕೆ ಬಂದೆ. ಬಂದರೆ, ಪಕ್ಕದ ಬಾಗಿಲಿಂದ ಅಕ್ಕ, ಅವಳ ಸೆರಗಲ್ಲೂ ಗಂಟು. ಇಬ್ಬರೂ ಬೀದಿ ನಡುವೆ ನಿಂತೆವು.

"ಒಬ್ಬಟ್ ಆಯ್ತಾ?" ಅಂದಳು.

"ಆಯ್ತಕ್ಕ. ಹೂರಣ ನೀರಾಗೋಯ್ತು."

"ನಂದು ಕಲ್ಲಾಗೋಯ್ತು ಕಣಮ್ಮಿ" ಅಂದಳು.

ಇಬ್ಬರೂ ಹೋಗಿ ಜಗಲಿ ಹತ್ತಿದೆವು. ಹೆಂಗಸರಿಬ್ಬರು ನಡುಬೀದಿ ಜಗಲಿಯಲ್ಲಿ ಪಗಡೆ ಮುಂದೆ ಕೂತರೆ ಗಂಡಸರ ಮರ್ಯಾದೆ ಉಳಿಯುತ್ತದೆಯೇ? ನಮ್ಮನ್ನು ಎಬ್ಬಿಸಿಕೊಂಡು ಹೋಗಲು ಇಬ್ಬರೂ ಓಡಿ ಬಂದರು. ಒಬ್ಬರನ್ನೊಬ್ಬರು ನೋಡದೆ, ಒಬ್ಬರು ಆ ಕಂಬದ ಹತ್ತಿರ, ಒಬ್ಬರು ಈ ಕಂಬದ ಹತ್ತಿರ ನಿಂತರು. ಮಾವ ಎದ್ದರು. ರುಮಾಲಿನಿಂದ ಕಡ್ಡಿಗಳನ್ನು ತೆಗೆದು ಕೆಳಗಿಟ್ಟರು. ಆಮೇಲೆ ರುಮಾಲನ್ನೇ ತೆಗೆದು ಆ ಹಾಸಿನ ಮುಂದಿಟ್ಟರು. ಅವರ ಬರೀ ತಲೆ ನಾವು ಯಾರೂ ಕಂಡಿರಲಿಲ್ಲ. ಒಂದು ಕೂದಲಿರಲಿಲ್ಲ, ಕಿವಿಯಿಂದ ನೆತ್ತಿವರೆಗೆ ಗಾಯದ ಗೆರೆ.

"ನಿಮ್ಮಪ್ಪನ್ ಹಾಸು ಕತ್ತರ್ಸಿದ್ ಕೈ ಇದು. ತಪ್ಪಾಯ್ತು ಮಕ್ಳಾ" ಅಂದರು.

ಹಿರಿಯ ಆಳು ಮುಂದೆ ರುಮಾಲಿಟ್ಟರೆ ಯಾರಿಗೆ ತಡೆದುಕೊಳ್ಳಲು ಆಗುತ್ತದೆ? ಭಾವ ಹಾರಿ ಬಂದು, "ಅಯ್ಯಯ್ಯೋ, ಏನ್ ಮಾವ ಇದು, ನಮ್ಗೆ ಪಾಪ ಸುತ್ಕೊಳ್ಳದಿಲ್ವಾ?" ಅಂತ ರುಮಾಲು ಎತ್ತಿ ಅವರ ತಲೆಗಿಡಲು ಹೋದರು. ಎತ್ತಿದ ರಭಸಕ್ಕೆ ಅದು ಬಿಚ್ಚಿಕೊಂಡಿತು. ಎಂಟು ಮೊಳದ ಬಟ್ಟೆ, ಜಗಲಿಯಿಂದ ಬೀದಿಗೆ ಇಳಿಯಿತು. ರುಮಾಲು ಮಡಿಸಬೇಕಾದರೆ ಎರಡು ತುದಿಗೂ ಒಬ್ಬೊಬ್ಬರು ಬೇಕು, ಒಬ್ಬನ ಕೈಲಾಗುವುದಲ್ಲ. ಭಾವ ಒಂದು ತುದಿ ಹಿಡಿದು ಆ ಕಡೆ ಈ ಕಡೆ ನೋಡಿದರು. ನಮ್ಮವರು ಕಂಬದ ಹಾಗೆ ನಿಂತಿದ್ದರು.

"ನೋಡ್ತಾ ನಿಂತಿದ್ದೀಯಲ್ಲ, ಆ ತುದಿ ಇಡ್ಕೊಳ್ಲಾ!" ಅಂದರು ಭಾವ.

ಹತ್ತು ತಿಂಗಳಲ್ಲಿ ತಮ್ಮನಿಗೆ ಆಡಿದ ಮೊದಲ ಮಾತು ಅದು. ನಮ್ಮವರು ಹಿಡಿದುಕೊಂಡರು. "ಬಿಗಿಯಾಗ್ ಎಳಿ", "ನೀ ಮೊದ್ಲು ನೆಟ್ಟಗೆ ಇಡ್ಕೊ ಅಣ್ಣ" ಅನ್ನುತ್ತಾ ಮಡಿಸಿದರು, ಇಬ್ಬರೂ ಸೇರಿ ಸುತ್ತಿದರು. ಸುತ್ತಿದ್ದು ಓರೆಯಾಗಿತ್ತು. ಮಾವ ಅವತ್ತೆಲ್ಲ ಅದನ್ನು ಹಾಗೇ ಇಟ್ಟುಕೊಂಡಿದ್ದರು. ನಾನು, ಅಕ್ಕ ಸೆರಗಿನ ಗಂಟು ಬಿಚ್ಚಿ ಹದಿನಾರು ಕಾಯಿ ಜೋಡಿಸಿದೆವು. ಎರಡು ದಾಳ ಒಟ್ಟಿಗೆ ನೆಲಕ್ಕೆ ಬಿದ್ದ ಸದ್ದು ಕೇಳಿ ನಾನು ಕಂಬದ ಮರೆಗೆ ಹೋಗಿ ಅತ್ತುಬಿಟ್ಟೆ.

ಎಲ್ಲ ಸುಖವಾಗಿ ಮುಗಿಯಿತು ಅಂತ ತಿಳಿಯಬೇಡಿ. ಗೋಡೆ ಹಾಗೇ ಉಳಿಯಿತು, ಒಲೆಯೂ ಎರಡೇ. ಪಗಡೆಗೂ ಹೊಸ ತಕರಾರು ಬಂತು. ಹೆಣೆದ ಹಾಸು ಎಳೆದರೆ ಹಿಗ್ಗುತ್ತದೆ ನೋಡಿ, ನಮ್ಮವರು ಯಾರಿಗೂ ಕಾಣದ ಹಾಗೆ ಅಂಚು ಎಳೆದರೆ ಕಾಯಿ ಜಾರಿ ಮುಂದಿನ ಮನೆಗೆ ಹೋಗುತ್ತಿತ್ತು. "ಎಳೀಬ್ಯಾಡ ಕಣ್ಲಾ ಕಳ್ನನ್ಮಗ್ನೆ!" ಅಂತ ಭಾವ ಕೂಗುವುದು, ಮಾವ ನಾಲ್ಕು ಕಡೆಗೂ ಕಲ್ಲು ಹೇರುವುದು. ಚೀಲ ಮಾವನ ಮನೆಯಲ್ಲೇ ಇರುತ್ತಿತ್ತು. ಅಡಿಯ ಜೇಬಿಗೆ ದಾಳ ಹಾಕುವಾಗ ಒಂದು ವಿಷಯ ಗೊತ್ತಾಯಿತು. ಒಂದೇ ದಾಳ ಹಾಕಿದರೆ ಜಾರಿ ಬೀಳುತ್ತಿತ್ತು. ಎರಡೂ ಹಾಕಿದರೆ ಬಿಗಿಯಾಗಿ ಕೂರುತ್ತಿತ್ತು. ಅಳತೆ ತಪ್ಪಿದ್ದೋ, ಬೇಕೂ ಅಂತಲೇ ಹಾಗೆ ಹೆಣೆದದ್ದೋ, ಮಾವನನ್ನು ಕೇಳಿದರೆ ಮೀಸೆ ತಿರುವಿದರು.

ಮುಂದಿನ ಚಳಿಗಾಲಕ್ಕೆ ಮಾವ ಸೋತಿದ್ದರು. ಬ್ಯಾಡ ಬ್ಯಾಡ ಅಂದರೂ ಹೊದಿಸಿದ ಕಂಬಳಿ ಜಾರುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ನಾನು, ಅಕ್ಕ ಮಾತಾಡಿಕೊಂಡು ಹೋಗಿ ಕೂತೆವು. "ಮಾವ, ಚೀಲ ಬಿಚ್ಚಿ ನಿಮ್ಮ ಸ್ವೆಟರು ಹೆಣೀತೀವಿ. ಇವರು ಬೇರೆ ಹಾಸು ತಗೊಳ್ಲಿ" ಅಂದೆ. ಅವರಿಗೆ ನಿಜವಾಗಿ ಸಿಟ್ಟು ಬಂತು.

"ಏನ್ ಕಲ್ತೆ ನನ್ನತ್ರ ನೀನು? ತಪ್ಪುದ್ರೆ ಬಿಚ್ಚು ಅಂದೆ. ಸರ್ಯಾಗಿ ಬಂದಿರದ್ನ ಯಾರಾರ ಬಿಚ್ಚಾರಾ?"

ಊಟಿ ಬಸ್ಸಿನ ಡ್ರೈವರಿಗೆ ಹೇಳಿ ಖಾಕಿ ಬಣ್ಣದ ಹೊಸ ಉಲ್ಲನ್ ತರಿಸಿದೆವು. ಎದೆ ಭಾಗ ನಾನು ಹೆಣೆದೆ, ಬೆನ್ನಿನ ಭಾಗ ಅಕ್ಕ. ಗೋಡೆಯ ಈ ಕಡೆ ನಾನು, ಆ ಕಡೆ ಅವಳು, "ಎಷ್ಟನೇ ಸಾಲು?" ಅಂತ ಕೂಗಿ ಕೇಳಿಕೊಂಡು. ನನ್ನ ಕೈ ಬಿಗಿ, ಅವಳ ಕೈ ಸಡಿಲ, ಇಬ್ಬರೂ ಬಡಬಡ ಅಂತ ಮುಗಿಸಿದೆವು. ಕೂಡಿಸಿದರೆ ಎದೆಗಿಂತ ಬೆನ್ನು ನಾಲ್ಕು ಬೆರಳು ಉದ್ದ. ಕಂಕುಳ ಹತ್ತಿರ ಒಂದು ಕುಣಿಕೆಯೂ ಬಿಟ್ಟುಹೋಗಿತ್ತು. ಯಾರು ಬಿಟ್ಟದ್ದು ಅಂತ ಅಕ್ಕನಿಗೂ ನನಗೂ ಅರ್ಧ ದಿನ ಮಾತಾಯಿತು. ಆದರೂ ಹಾಗೇ ತಗೊಂಡು ಹೋಗಿ ಅವರಿಗೆ ತೊಡಿಸಿದೆವು.

ಮಾವ ಗೋಡೆಗೆ ಒರಗಿ ಕೂತು ಹೆಬ್ಬೆರಳು ಆಡಿಸಿದರು. ಎದೆ ಮೇಲೆ, ಪಕ್ಕೆಯ ಮೇಲೆ, ಮೆಲ್ಲಗೆ. ಅಭ್ಯಾಸ ಎಲ್ಲಿ ಹೋಗುತ್ತದೆ? ಹೆಬ್ಬೆರಳು ಕಂಕುಳ ಹತ್ತಿರ ಹೋಗಿ ನಿಂತಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು. ನನಗೆ ತಡೆಯಲಾಗದೆ ನಾನೇ ಕೇಳಿದೆ, "ಅಲ್ಲಿ ಒಂದು ಬಿಟ್ಟೋಗಿದೆ ಮಾವ. ಬಿಚ್ಚಲಾ?"

ಅವರು ಬೆರಳನ್ನು ಆ ತೂತಿನ ಮೇಲೆ ಹಾಗೇ ಇಟ್ಟುಕೊಂಡು ಕಣ್ಣು ಮುಚ್ಚಿದರು.

"ಸುಮ್ಕಿರವ್ವ" ಅಂದರು. "ಬಿಚ್ಚುದ್ರೆ ಚಳಿ ಆಯ್ತದೆ."